ಏಳಡಿ ಹಾಸಿಗೆ

"ಹಾಸಿಗೆ ತುಂಬೋನ ತಲೇಲೂ ಹತ್ತೀನೇ ತುಂಬಿರುತ್ತೆ, ಬಿಟ್ಹಾಕ್ರಪ್ಪ!"

ಕಿಡಿಯ ಭಾವ ಇದನ್ನು ಸುಮ್ಮನೆ ಹೇಳಲಿಲ್ಲ, ಮೈಕಿನಲ್ಲಿ ಹೇಳಿದ. ಬೀದಿಯ ಮನೆಮನೆಯವರೂ ಕುರ್ಚಿ ಹಾಕಿಕೊಂಡು ಕೂತಿದ್ದ ಸಭೆ. ಮೊದಲು ಹಿಂದಿನ ಸಾಲು ನಕ್ಕಿತು, ಆಮೇಲೆ ಮುಂದಿನದು. ಕೊನೆಗೆ ಕಿಡಿಯ ಸ್ವಂತ ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಿಡಿ ಅನ್ನುವುದು ಅವನ ಮೂಗಿನ ತುದಿಯ ಕೋಪಕ್ಕೆ ಬೀದಿ ಕೊಟ್ಟ ಹೆಸರು. ಹತ್ತಿಯ ಕಸುಬಿಗೆ ಕಿಡಿಯನ್ನೇ ಕೂರಿಸಿದ್ದಾರಲ್ಲ ಎಂದು ಹಾದಿಯಲ್ಲಿ ಹೋಗುವವರೂ ಒಂದು ಮಾತು ಎಸೆದು ಹೋಗುತ್ತಿದ್ದರು.

ಅವನು ಕೇಳಿದ್ದು ಒಂದೇ ಪ್ರಶ್ನೆ. "ಆಟ ನೋಡೋಕೆ ಬರೋರು ನಮ್ಮ ಬೀದಿಗೆ ಯಾಕೆ ಬರ್ತಾರೆ ಭಾವ?"

ಹದಿನೆಂಟು ದೇಶಗಳ ಕ್ರೀಡಾಕೂಟ ಊರಿಗೆ ಬರುವುದಿತ್ತು. ಭಾವ ಅದರ ಕಚೇರಿಯಲ್ಲಿ ಪಾಸು ಬರೆಯುವ ಗುಮಾಸ್ತ. ಬೀದಿಯ ಸಂಘಕ್ಕೆ ಅಧ್ಯಕ್ಷನೂ ಅವನೇ. ದೇಶದ ಬೊಕ್ಕಸ ತುಂಬುತ್ತದೆ, ಹೋಟೆಲು ಸಾಲದೆ ಜನ ನಮ್ಮ ಬಾಗಿಲಿಗೇ ಬರುತ್ತಾರೆ, ಮನೆಗೊಂದು ಕೋಣೆ ಖಾಲಿ ಮಾಡಿ, ಹೊಸ ಹಾಸಿಗೆ ಹಾಕಿ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಿಡಿ ಬಾಯಿ ಬಿಡುತ್ತಿರಲಿಲ್ಲ. ಅತಿಥಿಗಳು ಬಂದು ತುಂಬಿದರೆ ಬೀದಿಯ ಕೊನೆಯಲ್ಲಿರುವ ಸಂಘದ ಶೆಡ್ಡನ್ನು ಖಾಯಂ ವಸತಿಗೃಹ ಮಾಡೋಣ ಎಂದುಬಿಟ್ಟ. ಆ ಶೆಡ್ಡಿನಲ್ಲಿ ಕಿಡಿಯ ಅಪ್ಪ ಮೂವತ್ತು ವರ್ಷ ಹತ್ತಿ ಹಿಂಜಿದ್ದ. ಈಗ ಕಿಡಿ ಹಿಂಜುತ್ತಿದ್ದ. ಅದು ಹೋದರೆ ಅವನಿಗೆ ಬೀದಿಯೇ ಗತಿ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದೀರ," ಎಂದ ಕಿಡಿ. ಮೈಕಿಲ್ಲದ ಮಾತು ಯಾರಿಗೂ ಕೇಳಲಿಲ್ಲ.

ಕುಲಾವಿ ಹೊಲಿಯುವ ಕೆಲಸ ಅವನ ಕೊರಳಿಗೇ ಬಿತ್ತು. ಮೂವತ್ತೊಂದು ಹಾಸಿಗೆ. ಅವನ ಮನೆತನದ ರೀತಿ ಬೇರೆ: ಮಲಗುವವರನ್ನು ಚಾಪೆಯ ಮೇಲೆ ಮಲಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಭುಜ ಒತ್ತುವಲ್ಲಿ ಸಡಿಲ, ಸೊಂಟ ಇಳಿಯುವಲ್ಲಿ ಬಿಗಿ ತುಂಬಬೇಕು. ಮೈ ನೋಡದೆ ಹಾಸಿಗೆ ಹೊಲಿಯಬಾರದು ಎಂಬುದು ಅಪ್ಪನ ಮಾತು. ಬಾರದ ಅತಿಥಿಯ ಮೈ ಎಲ್ಲಿಂದ ತರುವುದು?

"ಟೀವಿ ನೋಡಿಲ್ವೇನೋ?" ಎಂದ ಭಾವ. "ಬಾಸ್ಕೆಟ್‌ಬಾಲ್ ಆಡೋರು ಎಷ್ಟುದ್ದ ಇರ್ತಾರೆ! ಏಳಡಿ ಹೊಲಿ."

"ಆಡೋರು ಉದ್ದ ಇರ್ತಾರೆ ಭಾವ. ನೋಡೋರು ನಮ್ಮ ಹಾಗೇ ಇರ್ತಾರೆ."

"ಶುರು ಮಾಡಿದ್ನಪ್ಪ ಮತ್ತೆ!"

ಕಿಡಿಗೆ ಹಟ ಬಂತು. "ಆಯ್ತು, ಏಳಡಿ. ಒಂದಂಗುಲ ಕಮ್ಮಿ ಇದ್ರೆ ನನ್ನ ಕಿವಿ ಹಿಂಡಿ."

ಒಂದಂಗುಲವೂ ಕಮ್ಮಿಯಾಗಲಿಲ್ಲ. ಬೀದಿಯ ಮಂಚಗಳೆಲ್ಲ ಆರಡಿಯವು ಎಂಬುದು ಹಾಸಿಗೆ ಮನೆಗೆ ಬಂದ ಮೇಲೆ ಎಲ್ಲರಿಗೂ ಹೊಳೆಯಿತು. ಪ್ರತಿ ಮಂಚದ ತುದಿಯಲ್ಲೂ ಹಾಸಿಗೆ ನಾಲಿಗೆ ಚಾಚಿಕೊಂಡು ನೇತಾಡಿತು. ನಿವೃತ್ತ ಟೀಚರಮ್ಮನ ಕೋಣೆಯ ಬಾಗಿಲು ಮುಚ್ಚಲೇ ಇಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಮಕ್ಕಳಿಗೆ ಪಾಠ ಮಾಡ್ತಿದ್ದೆ," ಎಂದಳು ಆಕೆ. "ಈಗ ಇಷ್ಟುದ್ದ ಕಾಲು ಎಲ್ಲಿಂದ ತರ್ಲೋ, ಕಿಡಿ?"

ಕೂಟ ಶುರುವಾಯಿತು. ಬಸ್ಸುಗಳು ಬಂದವರನ್ನು ವಿಮಾನ ನಿಲ್ದಾಣದಿಂದ ಹೋಟೆಲಿಗೆ, ಹೋಟೆಲಿನಿಂದ ಮೈದಾನಕ್ಕೆ ಕುರಿಮಂದೆಯ ಹಾಗೆ ಸಾಗಿಸಿದವು. ಒಂದು ನರಪಿಳ್ಳೆಯೂ ಬೀದಿಗೆ ಕಾಲಿಡಲಿಲ್ಲ. ಪ್ರತಿವರ್ಷ ಈ ತಿಂಗಳು ಬಂದು ಹೋಗುವ ವ್ಯಾಪಾರಿಗಳು ಕೂಡ ಗಲಾಟೆಗೆ ಹೆದರಿ ತಮ್ಮ ಊರಲ್ಲೇ ಉಳಿದರು. ಬೇಕರಿಯಕ್ಕ ದಿನಾ ಮೂರು ಪಟ್ಟು ಬನ್ನು ಸುಟ್ಟು, ಸಂಜೆ ಅದನ್ನೇ ನೋಡುತ್ತ ಕೂರುತ್ತಿದ್ದಳು. ಕಿಡಿ ಬೆಳಗಾದರೆ ಬೀದಿಯ ಬಾಯಲ್ಲಿ ನಿಂತು, ಯಾರೂ ಬರದಿರಲಿ, ಶೆಡ್ಡು ಉಳಿಯಲಿ ಎಂದು ಬೇಡಿಕೊಳ್ಳುತ್ತಿದ್ದ. ಬೇಕರಿಯಕ್ಕನ ಮುಖ ಕಂಡರೆ ತನ್ನ ಬೇಡಿಕೆಗೆ ತಾನೇ ನಾಚಿ, ಒಬ್ಬರಾದರೂ ಬರಲಪ್ಪ ಅನ್ನುತ್ತಿದ್ದ.

ಕೊನೆಯ ಫುಟ್‌ಬಾಲ್ ಪಂದ್ಯದ ಮಧ್ಯಾಹ್ನ ಪೊಲೀಸರು ಬೀದಿಯ ಎರಡೂ ತುದಿಗೆ ಅಡ್ಡಗಟ್ಟೆ ಇಟ್ಟು ವಾಹನ ನಿಲ್ಲಿಸಿದರು. ಒಳಗೆ ಸೆಕೆ. ಟೀಚರಮ್ಮ ತನ್ನ ಹಾಸಿಗೆಯನ್ನು ದರದರ ಎಳೆದು ತಂದು ರಸ್ತೆಯ ನಡುವೆ ಕೆಡವಿದಳು. "ಮನೇಲಿ ನಾನಿರಬೇಕು, ಇಲ್ಲಾ ಇದಿರಬೇಕು!"

ಅವಳನ್ನು ನೋಡಿ ಪಕ್ಕದವರು ತಂದರು, ಅವರನ್ನು ನೋಡಿ ಎದುರಿನವರು. ಮೂವತ್ತೊಂದೂ ಹಾಸಿಗೆ ಅಂಚಿಗೆ ಅಂಚು ಕೂಡಿ ಬೀದಿಯೇ ಒಂದು ಹಾಸಿಗೆಯಾಯಿತು. ಬೇಕರಿಯ ಕಟ್ಟೆಯ ಮೇಲೆ ಟೀವಿ ಬಂತು. ಬೇಕರಿಯಕ್ಕ ಬನ್ನಿನ ತಟ್ಟೆಗಳನ್ನೇ ಹೊರಗಿಟ್ಟು, "ತಿನ್ರೋ, ನಾಳೆ ಕಲ್ಲಾಗುತ್ತೆ!" ಎಂದಳು. ಮಕ್ಕಳು ಪಲ್ಟಿ ಹೊಡೆದವು, ಅವುಗಳ ಅಪ್ಪಂದಿರೂ ಹೊಡೆದರು. "ಚಪ್ಪಲಿ ಬಿಡ್ರೋ! ಹೊಸ ಬಟ್ಟೆ ಕಣ್ರೋ!" ಎಂದು ಕಿರುಚಿಕೊಂಡು ಓಡಾಡುತ್ತಿದ್ದ ಕಿಡಿಯ ಕಾಲನ್ನು ಅಕ್ಕ ಹಿಡಿದೆಳೆದಳು. ಅವನು ದೊಪ್ಪನೆ ಬಿದ್ದ. ಬಿದ್ದಲ್ಲೇ ನಗು ಉಕ್ಕಿತು. ಆಡುತ್ತಿದ್ದ ದೇಶಗಳೆರಡೂ ಭೂಪಟದ ಯಾವ ಮೂಲೆಯಲ್ಲಿವೆಯೋ ಬೀದಿಗೆ ಗೊತ್ತಿರಲಿಲ್ಲ. ಆದರೂ ಬೀದಿ ಎರಡು ಪಾಲಾಗಿ ಗಂಟಲು ಹರಿದುಕೊಂಡಿತು.

ಆಗ ಅಡ್ಡಗಟ್ಟೆಯ ಕೆಳಗಿಂದ ನುಸುಳಿ ಒಬ್ಬಳು ವಿದೇಶಿ ಮುದುಕಿ ಬಂದಳು. ಕೈಯಲ್ಲಿ ಟಿಕೇಟು, ಮುಖದಲ್ಲಿ ದಾರಿ ತಪ್ಪಿದ ಸುಸ್ತು. ಎತ್ತರ ನಾಲ್ಕೂವರೆ ಅಡಿ ಇದ್ದರೆ ಹೆಚ್ಚು.

"ಬಂದ್ರು! ಅತಿಥಿ ಬಂದ್ರು!" ಎಂದು ಭಾವ ಎದ್ದೂ ಬಿದ್ದೂ ಓಡಿದ.

ಮೈದಾನದ ದಾರಿ ಮುಚ್ಚಿತ್ತು. ಮುದುಕಿ ಹಾಸಿಗೆಯ ಮೇಲೆ ಕೂತಳು, ಬೇಕರಿಯಕ್ಕ ಕೊಟ್ಟ ಬನ್ನು ತಿಂದಳು, ಹಾಗೇ ಒರಗಿ ಗೊರಕೆ ಹೊಡೆದಳು. ಅವಳ ಕಾಲಿನಾಚೆ ಇನ್ನೂ ಎರಡೂವರೆ ಅಡಿ ಹಾಸಿಗೆ ಉಳಿದಿತ್ತು. ಟೀಚರಮ್ಮ ತುಟಿಗೆ ಬೆರಳಿಟ್ಟು ಬೀದಿಗೆ ಬೀದಿಯನ್ನೇ ಸುಮ್ಮನಾಗಿಸಿದಳು. ಕೊನೆಯ ನಿಮಿಷದಲ್ಲಿ ಗೋಲು ಬಿದ್ದಾಗ ಅಷ್ಟೂ ಜನ ಬಾಯಿಗೆ ಕೈ ಒತ್ತಿಕೊಂಡು ಸದ್ದಿಲ್ಲದೆ ನೆಗೆದರು. ಕೆಳಗೆ ಹತ್ತಿ ಇದ್ದದ್ದಕ್ಕೆ ಬಿದ್ದ ಸದ್ದೂ ಆಗಲಿಲ್ಲ.

ಪಂದ್ಯ ಮುಗಿಯಿತು. ಭಾವ ಮೈಕನ್ನು ಮುಟ್ಟಲಿಲ್ಲ. ಎಲ್ಲರ ನಡುವೆ ಬಂದು ನಿಂತ.

"ವಸತಿಗೃಹ ಇಲ್ಲ ಕಣ್ರಪ್ಪ. ಶೆಡ್ಡು ಇವನದೇ," ಎಂದ. ಮೆಲ್ಲಗೆ ತಟ್ಟಿದ ಚಪ್ಪಾಳೆ ನಿಂತ ಮೇಲೆ ಕಿಡಿಯ ಕಡೆ ತಿರುಗಿದ. "ನೀನು ಹೇಳಿದ್ದೇ ಆಯ್ತು. ಯಾರೂ ಬರಲಿಲ್ಲ, ಒಪ್ತೀನಿ. ಆದ್ರೆ ಈ ಬೀದಿ ಹೀಗೆ ನಕ್ಕಿದ್ದನ್ನ ಹುಟ್ಟಿದಾಗಿಂದ ನೋಡಿದ್ಯಾ? ಈಗ ಎಲ್ಲರ ಮುಂದೇನೇ ಹೇಳಿಬಿಡು. ಈ ಕೂಟದಿಂದ ಒಳ್ಳೇದಾಯ್ತೋ, ಇಲ್ವೋ?"

ಬೀದಿ ಕಿವಿ ನಿಮಿರಿಸಿತು. ಕಿಡಿಯ ನಾಲಿಗೆಯ ತುದಿಯಲ್ಲಿ ಎರಡು ತಿಂಗಳಿಂದ ಕಾದ ಮಾತುಗಳಿದ್ದವು. ಬೀದಿಯ ನೀರಿನ ಕೊಳವೆಗೆ ಇಟ್ಟಿದ್ದ ಹಣ ಮೈದಾನದ ದೀಪಕ್ಕೆ ಹೋಗಿತ್ತು. ಬೇಕರಿಯಕ್ಕನ ಒಂದು ತಿಂಗಳ ಹಿಟ್ಟು ಹಾಳಾಗಿತ್ತು. ದೇಶಕ್ಕೆ ಲಾಭ ಎಂದು ಬೋರ್ಡು ಬರೆಸಿದವರಲ್ಲಿ ಒಬ್ಬನೂ ಇಲ್ಲಿ ಮುಖ ತೋರಿಸಿರಲಿಲ್ಲ. ಬೆಂಕಿಯಂಥ ಮಾತುಗಳು. ಆದರೆ ಹೊಟ್ಟೆಯೊಳಗೆ ಮಧ್ಯಾಹ್ನದ ನಗು ಇನ್ನೂ ಕುಲುಕುತ್ತಿತ್ತು. ಅದೂ ಸುಳ್ಳಾಗಿರಲಿಲ್ಲ.

"ಹೇಳೋ!" ಎಂದಳು ಅಕ್ಕ.

ಮೂವತ್ತೊಂದು ಹಾಸಿಗೆಯಲ್ಲೂ ಒಂದೊಂದಡಿ ಕತ್ತರಿಸುವ ಕೆಲಸ ಬಾಕಿ ಇತ್ತು. ಕಿಡಿ ಹತ್ತಿರದ ಹಾಸಿಗೆಯನ್ನು ಸುತ್ತಿ ತಲೆಯ ಮೇಲೆ ಹೊತ್ತ. ಮಲಗಿದ್ದ ಮುದುಕಿಯನ್ನು ಸುತ್ತುಹಾಕಿ ಶೆಡ್ಡಿನ ಕಡೆಗೆ ನಡೆದುಬಿಟ್ಟ.