ನಾಲ್ಕು ಊಟದ ಟೋಕನ್

ನನ್ನ ಗಂಡ ಮೋನಪ್ಪ ಇಪ್ಪತ್ತೇಳು ವರ್ಷದಿಂದ ಚೆನ್ನೈಯ ತ್ರಿಪ್ಲಿಕೇನಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಾರೆ. ದಿನಕ್ಕೆ ಸಾವಿರ ಜನ ಉಣ್ಣುವ ಸಾಂಬಾರು ಅವರ ಕೈಯದ್ದು. ನಮ್ಮ ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಈ ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಎದುರು ಕೂತು ಒಂದು ಹೊತ್ತು ಪೂರ್ತಿಯಾಗಿ ಊಟ ಮಾಡಿದ್ದಿಲ್ಲ. ಯಾರಿಗಾದರೂ ಹೇಳಿದರೆ ನಗುತ್ತಾರೆ, ಅಡುಗೆಯವರ ಹೆಂಡತಿಗೆ ಊಟದ ಚಿಂತೆಯೇ ಎಂದು.

ಊಟಕ್ಕೇನೂ ಕೊರತೆಯಿಲ್ಲ. ಗಿರಾಕಿ ಎದ್ದ ಮೇಲೆ ಕೆಲಸದವರು ಕೂರಬೇಕು ಎನ್ನುವುದು ಹೋಟೆಲಿನ ಕ್ರಮ. ಮಧ್ಯಾಹ್ನದ ಊಟ ಮೂರೂವರೆಗೆ, ರಾತ್ರಿಯದು ಶಟರ್ ಎಳೆದ ಮೇಲೆ. ಅದು ಹೋಟೆಲಿನೊಳಗೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಇವರು ಅದನ್ನು ಮನೆಗೂ ತಂದರು. ರಜೆಯ ದಿನವೂ ನಾನು, ಮಕ್ಕಳು ಉಂಡು ಎದ್ದ ಮೇಲೆ, ಪಾತ್ರೆಯ ಮುಚ್ಚಳ ತೆಗೆದು ಎಷ್ಟು ಉಳಿದಿದೆ ಎಂದು ನೋಡಿ, ಅಡುಗೆಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಾರೆ. ನಮ್ಮ ಮದುವೆಯ ದಿನ ಸಾರು ಬಡಿಸಲು ಜನ ಸಾಲದೆಂದು ಎಲೆ ಬಿಟ್ಟು ಎದ್ದು ಹೋದ ಮದುಮಗ ಇವರು. ನಾನು ಪಕ್ಕದ ಎಲೆಯ ಮೇಲೆ ಆರುತ್ತಿದ್ದ ಅನ್ನ ನೋಡುತ್ತ ಹೋಳಿಗೆ ತಿಂದೆ. ಹುಡುಗ ಎಷ್ಟು ಒಳ್ಳೆಯವನು ಎಂದು ಎಲ್ಲರೂ ಹೊಗಳಿದರು. ನಾನೂ ಪೆದ್ದಿ, ಹೌದೆಂದುಕೊಂಡೆ.

ಈ ಸಲ ಪೊಂಗಲಿಗೆ ಹೋಟೆಲಿಗೆ ಬೇಳೆ ಹಾಕುವ ವ್ಯಾಪಾರಿ ಸಿಹಿಯ ಡಬ್ಬದ ಬದಲು ನಾಲ್ಕು ಪಾಸು ಕೊಟ್ಟ. ಮಹಾಬಲಿಪುರದ ರಸ್ತೆಯಲ್ಲಿರುವ ಒಂದು ಥೀಮ್ ಪಾರ್ಕಿನದು. ಹೋಟೆಲಿನ ಅಡುಗೆಮನೆಗೆ ಹೊಸ ನೆಲ ಹಾಕಿಸುವುದಿತ್ತು, ಹಾಗಾಗಿ ಕಾಣುಂ ಪೊಂಗಲ್ ದಿನ ಬಾಗಿಲು ಹಾಕಿದ್ದರು. ಊರಿಗೆ ಊರೇ ಮನೆಮಂದಿಯನ್ನು ಕಟ್ಟಿಕೊಂಡು ತಿರುಗಾಟಕ್ಕೆ ಹೊರಡುವ ದಿನ ಅದು. ಇವರು ಪಾಸನ್ನು ಯಾರಿಗಾದರೂ ದಾನ ಮಾಡುವ ಮೊದಲೇ ನಾನು ಅದನ್ನು ಕಸಿದು ದೇವರ ಪಟದ ಹಿಂದೆ ಇಟ್ಟೆ.

ಪಾಸಿನಲ್ಲಿ ಊಟ ಸೇರಿರಲಿಲ್ಲ. ಬಸ್ಸು, ತಿಂಡಿ, ಊಟ ಎಲ್ಲಕ್ಕೂ ಸೇರಿ ಸಾವಿರ ರೂಪಾಯಿ ಎಂದು ಇವರು ಹೇಳಿಬಿಟ್ಟರು. ಸಾವಿರದಲ್ಲಿ ನಾಲ್ಕು ಜನ ಹೊಟ್ಟೆ ತುಂಬ, ಮರ್ಯಾದೆಯಿಂದ ಉಣ್ಣುವುದು ಹೇಗೆ ಎಂದು ನಾನು ಮೂರು ದಿನ ತಲೆ ಕೆಡಿಸಿಕೊಂಡೆ. ಮಗಳು ವೀಕ್ಷಾಳ ಮೊಬೈಲಿನಲ್ಲಿ ಪಾರ್ಕಿನ ತಿಂಡಿಯ ಪಟ್ಟಿ ತೆಗೆಸಿ ನೋಡಿದೆ. ಒಂದು ಪಿಜ್ಜಾದ ದುಡ್ಡಿಗೆ ನಮ್ಮ ಮನೆಗೆ ನಾಲ್ಕು ದಿನದ ತರಕಾರಿ ಬರುತ್ತದೆ. ಫ್ರೈಡ್ ರೈಸ್ ಎಂದರೆ ಮಕ್ಕಳು ಬಾಯಿ ಬಿಡುತ್ತಾರೆ, ಒಂದು ಗಂಟೆಯೊಳಗೆ ಮತ್ತೆ ಹಸಿವು. ಊಟ ಅಂತ ಒಂದಿತ್ತು, ನೂರ ಎಂಬತ್ತು ರೂಪಾಯಿ. ಅನ್ನ, ಸಾಂಬಾರು, ಸಾರು, ಎರಡು ಪಲ್ಯ, ಹಪ್ಪಳ, ಮಜ್ಜಿಗೆ, ಅನ್ನ ಎಷ್ಟು ಬೇಕಾದರೂ ಹಾಕುತ್ತಾರೆ. ನಾಲ್ಕು ಊಟ ಹೇಳಿ ಬಸ್ಸಿಗೆ ಬಿಟ್ಟರೆ ಒಂದು ಐಸ್‌ಕ್ರೀಮಿಗೆ ಉಳಿಯುತ್ತದೆ. ಸಂಜೆಯ ತಿಂಡಿಗೆ ಮನೆಯಿಂದಲೇ ಬಾಳೆಹಣ್ಣಿನ ಬನ್ಸು ಮಾಡಿ ಒಯ್ಯುವುದು.

"ಮೂರು ಊಟ ಸಾಕು ಮಾರಾಯ್ತಿ," ಎಂದರು ಇವರು. "ನಾನು ಎಂತಾದ್ರೂ ತಿಂತೇನೆ."

"ನಾಲ್ಕು," ಎಂದೆ. "ನಾಲ್ಕು ಊಟ, ನಾಲ್ಕು ಕುರ್ಚಿ. ಅವತ್ತು ನೀವು ಗಿರಾಕಿ. ನನ್ನ ಎದುರು ಕೂತು ಮಜ್ಜಿಗೆ ವರೆಗೆ ಉಣ್ಬೇಕು. ಮಧ್ಯ ಎದ್ರೆ ನಾನು ಅಲ್ಲಿಂದ್ಲೇ ಬಸ್ಸು ಹತ್ತಿ ಊರಿಗೆ ಹೋಗ್ತೇನೆ."

"ಆಯ್ತು, ಆಯ್ತು," ಎಂದು ನಕ್ಕರು. ನನಗೆ ಅಷ್ಟು ಸಾಕಾಯಿತು. ಮೂರು ದಿನ ನಾನು ಮದುಮಗಳ ಹಾಗೆ ಓಡಾಡಿದೆ, ಹೇಳಲು ನಾಚಿಕೆ.

ಅವತ್ತು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಪ್ಪತ್ತು ಬನ್ಸು ಕರಿದೆ. ಎರಡು ಬಸ್ಸು ಬದಲಿಸಿ ಪಾರ್ಕಿನ ಗೇಟು ಮುಟ್ಟಿದಾಗ ಹತ್ತು ಗಂಟೆ. ಸೆಕ್ಯುರಿಟಿಯವನು ಚೀಲ ತೆರೆಸಿದ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ಇಲ್ಲೇ ತಿಂದು ಹೋಗಿ, ಇಲ್ಲದಿದ್ದರೆ ಆ ಡಬ್ಬಿಗೆ ಹಾಕಿ ಎಂದ. ಆ ಡಬ್ಬಿ ಎಂದರೆ ಕಸದ ಡಬ್ಬಿ. ನಾನು ನನ್ನ ತಮಿಳಿನಲ್ಲಿ ಜಗಳಕ್ಕೆ ಬಾಯಿ ತೆರೆದೆ. ಇವರು ನನ್ನ ಕೈ ಹಿಡಿದು ತಡೆದರು.

"ಅವರದ್ದೂ ವ್ಯಾಪಾರ ಅಲ್ವಾ? ನಮ್ಮ ಹೋಟ್ಲಿಗೆ ಯಾರಾದ್ರೂ ಬುತ್ತಿ ತಂದು ಕೂತ್ರೆ ನಾವು ಬಿಡ್ತೇವಾ?" ಎಂದರು. ಆಮೇಲೆ ಆ ಸೆಕ್ಯುರಿಟಿಯವನಿಗೆ ಬೆಳಗಿನ ತಿಂಡಿ ಆಯಿತೇ ಎಂದು ಕೇಳಿದರು. ಆಗಿರಲಿಲ್ಲ. ಬನ್ಸಿನ ಡಬ್ಬ ಪೂರ್ತಿ ಅವನ ಕೈಗೆ ಹೋಯಿತು. ಅವನು ಒಂದು ಕಚ್ಚಿ ತಲೆದೂಗಿದ. ಇವರು ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ನಾನು ಬೇಗ ಬೇಗ ಒಳಗೆ ನಡೆದೆ, ಹಬ್ಬದ ದಿನ ಬಾಯಿಂದ ಕೆಟ್ಟ ಮಾತು ಬರುವುದು ಬೇಡವೆಂದು.

ಒಳಗೆ ಮಕ್ಕಳು ಗಿರಗಿರ ತಿರುಗುವುದರಲ್ಲಿ ತಿರುಗಿದರು, ನೀರಿಗೆ ಬೀಳುವುದರಲ್ಲಿ ಬಿದ್ದರು. ಮಗ ಸಂದೇಶ್‌ಗೆ ಹದಿನೆಂಟು, ವೀಕ್ಷಾಳಿಗೆ ಹದಿನಾಲ್ಕು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡುವ ಮಕ್ಕಳು. ನಾವಿಬ್ಬರೂ ಒಂದು ಬೆಂಚಿನ ಮೇಲೆ ಚೀಲ ಕಾಯುತ್ತ ಕೂತೆವು. ಇಷ್ಟು ಹೊತ್ತು ಹಗಲಲ್ಲಿ ಇವರ ಪಕ್ಕ ಕೂತದ್ದೇ ನೆನಪಿಲ್ಲ. ಏನು ಮಾತಾಡುವುದೆಂದು ತಿಳಿಯದೆ ನಾನು ಜನರ ಸೀರೆ ನೋಡಿದೆ. ಇವರು ಜನರನ್ನು ಎಣಿಸುತ್ತಿದ್ದರು. "ನಾಲ್ಕು ಸಾವಿರಕ್ಕೆ ಕಮ್ಮಿ ಇಲ್ಲ. ಇವರಿಗೆಲ್ಲ ಊಟ ಹೇಗೆ ಸುಧಾರಿಸ್ತಾರೋ," ಎಂದರು.

ಹನ್ನೆರಡಕ್ಕೇ ನಾನು ಎಲ್ಲರನ್ನೂ ಎಬ್ಬಿಸಿ ಊಟದ ಕಡೆಗೆ ಹೊರಡಿಸಿದೆ. ರಶ್ಶಿನ ಮೊದಲು ಜಾಗ ಹಿಡಿಯಬೇಕೆಂಬ ಲೆಕ್ಕ ನನ್ನದು. ದೊಡ್ಡ ಶೀಟಿನ ಮಾಡಿನ ಕೆಳಗೆ ನೂರಾರು ಮೇಜು, ಸುತ್ತ ಅಂಗಡಿಗಳು. ಕಂಬದ ಪಕ್ಕ ಒಂದು ಮೇಜು ಸಿಕ್ಕಿತು. ಒಂದು ಕುರ್ಚಿಗೆ ಚೀಲ, ಒಂದಕ್ಕೆ ನೀರಿನ ಬಾಟಲಿ, ಒಂದಕ್ಕೆ ನನ್ನ ಚಪ್ಪಲಿ ಇಟ್ಟು, ನಾಲ್ಕನೆಯದರಲ್ಲಿ ನಾನೇ ಕೂತೆ. ಅಪ್ಪ ಮಗ ಹೋಗಿ ನಾಲ್ಕು ಊಟದ ಟೋಕನ್ ತಂದರು. ಟೋಕನ್ ಕೈಯಲ್ಲಿ ಹಿಡಿದು ಇವರು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ನಿಜವಾಗಿ ಕೂತರು. ಚಪ್ಪಲಿಯನ್ನು ಕೆಳಗಿಟ್ಟು, ಅಂಗಿಯ ತೋಳು ಮಡಚಿದರು. ನಾನು ಮೇಜನ್ನು ಸೆರಗಿನಿಂದ ಒರೆಸಿದೆ.

ಆಗಲೇ ಇವರ ಮೂಗು ಎದ್ದಿತು.

"ಬೇಳೆ ಅಡಿ ಹಿಡಿದಿದೆ," ಎಂದರು.

"ಹಿಡೀಲಿ."

"ಅಲ್ಲ ತುಂಗಾ, ಆ ವಾಸನೆ ನೋಡು. ಅದಕ್ಕೆ ಈಗ ಹುಳಿ ಬಿದ್ರೆ ಪೂರ್ತಿ ಹೋಯ್ತು."

"ಅದು ನಿಮ್ಮ ಅಡುಗೆಮನೆ ಅಲ್ಲ. ನೀವು ಗಿರಾಕಿ. ಸುಟ್ಟ ಸಾಂಬಾರು ಕೊಟ್ರೆ ಸುಟ್ಟದ್ದನ್ನೇ ತಿನ್ನುವ."

ಊಟದ ಅಂಗಡಿಯ ಮುಂದೆ ಸಾಲು ಮುಂದೆ ಹೋಗುತ್ತಿರಲಿಲ್ಲ. ಟೋಕನ್ ಹಿಡಿದವರು ಬೈಯುತ್ತಿದ್ದರು. ಕೌಂಟರಿನ ಹಿಂದಿನಿಂದ ಒಬ್ಬ ತಲೆ ಹೊರಹಾಕಿ ಕೈಮುಗಿಯುತ್ತಿದ್ದ. ಅವನ ಕಣ್ಣು ಇವರ ಮೇಲೆ ಬಿತ್ತು. ಅವನು ಕೌಂಟರಿನ ಹಲಗೆ ಎತ್ತಿ ಓಡಿಯೇ ಬಂದ. ಕಾಂತಪ್ಪ. ಎಂಟು ವರ್ಷದ ಹಿಂದೆ ಇವರ ಕೈಕೆಳಗೆ ತರಕಾರಿ ಹೆಚ್ಚುತ್ತಿದ್ದವನು. ಈಗ ಇಲ್ಲಿ ಅಡುಗೆಯ ಉಸ್ತುವಾರಿಯಂತೆ.

"ಮೋನಪ್ಪಣ್ಣ, ದೇವರೇ ಕಳಿಸಿದ ಹಾಗೆ ಬಂದ್ರಿ! ನನ್ನ ನಾಲ್ಕು ಜನ ಹಬ್ಬಕ್ಕೆ ಊರಿಗೆ ಹೋದವರು ಬರ್ಲೇ ಇಲ್ಲ. ಒಂದು ಕೊಪ್ಪರಿಗೆ ಸಾಂಬಾರು ಹೋಯ್ತು. ಒಂದು ಹತ್ತು ನಿಮಿಷ ಬಂದು ಹದ ನೋಡಿ ಅಣ್ಣ. ಅತ್ತಿಗೆ, ಹತ್ತೇ ನಿಮಿಷ."

ಇವರು ಆಗಲೇ ಎದ್ದಿದ್ದರು.

"ಮೊದ್ಲು ಕೂತು ಉಣ್ಣಿ, ಆಮೇಲೆ ಹೋಗಿ," ಎಂದೆ. ನನ್ನ ದನಿ ಜೋರಾಯಿತು, ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಅಷ್ಟು ಜನ ಹಸಿದು ನಿಂತಿದ್ದಾರೆ ಮಾರಾಯ್ತಿ. ಅವರ ಎದುರು ನಾನು ಹೇಗೆ ಕೂತು ಉಣ್ಣುದು?"

"ನಾನೂ ಹಸಿದೇ ಕೂತಿದ್ದೇನೆ."

"ಹತ್ತು ನಿಮಿಷ," ಎಂದು ಹೇಳಿ, ಮಡಚಿದ ತೋಳನ್ನು ಇನ್ನೊಂದು ಸುತ್ತು ಮೇಲೇರಿಸಿಕೊಂಡು ಹೋದರು. ಹಿಂತಿರುಗಿ ನೋಡಲಿಲ್ಲ.

ಅರ್ಧ ಗಂಟೆಯ ಮೇಲೆ ನಮ್ಮ ಮೇಜಿಗೆ ನಾಲ್ಕು ತಟ್ಟೆ ಬಂತು. ಕಾಂತಪ್ಪನೇ ತಂದ. ಪಟ್ಟಿಯಲ್ಲಿಲ್ಲದ ವಡೆ, ಪಾಯಸ, ಮೊಸರು ಎಲ್ಲ ಇತ್ತು. ಟೋಕನ್‌ನ ಏಳುನೂರ ಇಪ್ಪತ್ತು ರೂಪಾಯಿಯನ್ನೂ ನನ್ನ ಮುಂದಿಟ್ಟು, "ಅಣ್ಣನ ಮನೆಯವರ ಹತ್ರ ದುಡ್ಡು ತೆಗೊಳ್ಳುದುಂಟಾ ಅತ್ತಿಗೆ?" ಎಂದ. ಮಕ್ಕಳಿಗೆ ಸ್ವರ್ಗವೇ ಸಿಕ್ಕಂತಾಯಿತು. ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡರು.

"ಅಪ್ಪಾ ಸೂಪರ್‌ಮಾ, ಎಲ್ಲಾಮೇ ಫ್ರೀ," ಎಂದ ಸಂದೇಶ್. ಉಳಿದ ದುಡ್ಡಿನಲ್ಲಿ ಒಂದಲ್ಲ, ಎರಡು ಐಸ್‌ಕ್ರೀಮು ತಗೊಂಡು ಇಬ್ಬರೂ ಮತ್ತೆ ತಿರುಗುವುದಕ್ಕೆ ಹೋದರು.

ನಾನು ಉಣ್ಣಲಿಲ್ಲ. ಎದುರಿಗೊಂದು ತಟ್ಟೆ, ನನ್ನ ಮುಂದೊಂದು ತಟ್ಟೆ ಇಟ್ಟುಕೊಂಡು ಕೂತೆ. ಜನ ಬಂದು ಬಂದು ಆ ಕುರ್ಚಿ ಕೇಳಿದರು. ಜನ ಇದ್ದಾರೆ, ಬರುತ್ತಾರೆ ಎಂದು ತಮಿಳಿನಲ್ಲಿ ಹೇಳಿ ಹೇಳಿ ಸಾಕಾಯಿತು. ಒಂದು ಗಂಟೆಯ ಹೊತ್ತಿಗೆ ಹೊಸ ಕೊಪ್ಪರಿಗೆಯ ಪರಿಮಳ ಮಾಡಿನ ಕೆಳಗೆಲ್ಲ ಹರಡಿತು. ಅದು ಇವರದೇ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹುರಿದ ಕೊತ್ತಂಬರಿ ಮುಂದೆ, ಇಂಗು ಹಿಂದೆ. ಬೈಯುತ್ತಿದ್ದ ಜನ ಬಟ್ಟಲು ಹಿಡಿದು ಮತ್ತೆ ಸಾಂಬಾರು ಕೇಳಲು ಎದ್ದು ಹೋಗುತ್ತಿದ್ದರು. ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಹೆಮ್ಮೆಪಟ್ಟದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ಹೀಗೇ ಅಲ್ಲವೇ ನಾನು ಮೋಸ ಹೋದದ್ದು?

ಎರಡಾಯಿತು, ಮೂರಾಯಿತು. ಹಪ್ಪಳ ಮೆತ್ತಗಾಗಿ ಅನ್ನಕ್ಕೆ ಅಂಟಿತು. ಯಾರೋ ಒಬ್ಬ ಹೆಂಗಸು ಕೇಳದೆಯೇ ಎದುರಿನ ಕುರ್ಚಿಯನ್ನು ಎಳೆದುಕೊಂಡು ಹೋದಳು. ನಾನು ತಡೆಯಲಿಲ್ಲ. ಆದರೂ ಒಂದು ಆಸೆ ಬಿಟ್ಟಿರಲಿಲ್ಲ. ಮೂರೂವರೆಗೆ ಕೆಲಸ ಮುಗಿಯುತ್ತದಲ್ಲ, ಆಗ ಬರುತ್ತಾರೆ, ಆರಿದ್ದಾದರೂ ಸರಿ, ಇಬ್ಬರೂ ಕೂತು ಉಣ್ಣಬಹುದು. ಪಕ್ಕದ ಮೇಜಿನಿಂದ ಇನ್ನೊಂದು ಕುರ್ಚಿ ತಂದು ಎದುರಿಗೆ ಹಾಕಿದೆ.

ಮೂರೂ ಮುಕ್ಕಾಲಾದರೂ ಬರಲಿಲ್ಲ. ಕೌಂಟರ್ ಮುಚ್ಚಿತ್ತು. ನಾನು ಅಂಗಡಿಯ ಹಿಂದಕ್ಕೆ ಸುತ್ತಿಕೊಂಡು ಹೋದೆ. ಗ್ಯಾಸಿನ ಸಿಲಿಂಡರುಗಳ ಆಚೆ ಬಾಗಿಲು ತೆರೆದಿತ್ತು. ಒಳಗೆ ಒದ್ದೆ ನೆಲದ ಮೇಲೆ ರಟ್ಟು ಹಾಸಿ ಆರೇಳು ಗಂಡಸರು ಸಾಲಾಗಿ ಊಟಕ್ಕೆ ಕೂತಿದ್ದರು. ನಡುವೆ ಇವರು, ಚಕ್ಕಂಬಕ್ಕಳ ಹಾಕಿಕೊಂಡು, ಯಾರದೋ ಏಪ್ರನ್ ಕಟ್ಟಿಕೊಂಡು.

ಅವಸರವಿಲ್ಲದೆ ಉಣ್ಣುತ್ತಿದ್ದರು. ಅನ್ನವನ್ನು ಕಲಸಿ ಕಲಸಿ ದೊಡ್ಡ ತುತ್ತು ಮಾಡುತ್ತಿದ್ದರು. ಹಳೆಯ ಹೋಟೆಲಿನ ಯಾವುದೋ ಕಥೆ ಹೇಳಿ ನಗಿಸುತ್ತಿದ್ದರು, ತಾವೂ ಬಾಯ್ತುಂಬ ನಗುತ್ತಿದ್ದರು. "ಕಾಂತಪ್ಪ, ಬೀನ್ಸ್ ಪಲ್ಯ ಇನ್ನೊಂದು ಸಲ ಹಾಕು ಮಾರಾಯ, ಲಾಯ್ಕಾಗಿದೆ," ಎಂದರು. ನನ್ನ ಮನೆಯಲ್ಲಿ ಒಮ್ಮೆಯಾದರೂ ಇನ್ನೊಂದು ಸಲ ಹಾಕು ಎಂದವರಲ್ಲ. ಕೂತು ಉಣ್ಣಲು ಇವರಿಗೆ ಬರುವುದಿಲ್ಲ ಎಂದು ನಾನು ತಿಳಿದಿದ್ದೆ. ಚೆನ್ನಾಗಿಯೇ ಬರುತ್ತಿತ್ತು.

ನನ್ನನ್ನು ಕಂಡರು. ಕಂಡ ಕೂಡಲೇ ಎಂಜಲು ಕೈಯಲ್ಲೇ ಎದ್ದು ನಿಂತರು. ನಗು ಹೋಗಿ, ಮುಖದ ಮೇಲೆ ಬೇರೆಯೇ ಒಂದು ಕಳೆ ಬಂತು. ಅದನ್ನು ನಾನು ಹೋಟೆಲಿನಲ್ಲಿ ನೋಡಿದ್ದೇನೆ, ಗಿರಾಕಿ ಎದುರು ಬಂದಾಗ.

"ನಿಮ್ದೆಲ್ಲ ಊಟ ಆಯ್ತಾ?" ಎಂದು ಕೇಳಿದರು. "ಎಂತಾದ್ರೂ ಬೇಕಿತ್ತಾ?"

ಉಳಿದವರೂ ನನ್ನನ್ನು ನೋಡಿದರು. ಬೈಯಬೇಕೆಂದು ಇಟ್ಟುಕೊಂಡ ಮಾತೆಲ್ಲ ಗಂಟಲಿನವರೆಗೆ ಬಂದಿತ್ತು. ಇವರ ತಟ್ಟೆಯಲ್ಲಿ ಕಲಸಿದ ಅನ್ನ ಅರ್ಧ ಹಾಗೇ ಇತ್ತು, ಮೇಲೆ ಈಗಷ್ಟೇ ಬಿದ್ದ ಪಲ್ಯ.

"ಆಯ್ತು," ಎಂದೆ. "ನೀವು ಕೂತ್ಕೊಳ್ಳಿ."

"ಪರ್ವಾಗಿಲ್ಲ, ಪರ್ವಾಗಿಲ್ಲ," ಎಂದರು, ನಿಂತೇ ಇದ್ದರು.

ನಾನಲ್ಲಿ ಇರುವಷ್ಟು ಹೊತ್ತು ಅವರು ಕೂರುವುದಿಲ್ಲ. ಊಟ ಆರುತ್ತಿತ್ತು. ಅವರು ಉಣ್ಣಲಿ ಎಂದು ನಾನೇ ಅಲ್ಲಿಂದ ಹೊರಟು ಬಂದೆ.