ವಾಸುದೇವನ ಉಸಿರು

"ಮಲಗಿದಾಗ ಇವರ ಉಸಿರು ನಡುನಡುವ ನಿಲ್ತದೇನ್ರಿ?" ಎಂದು ಡಾಕ್ಟರು ಇಂದೂಬಾಯಿಯನ್ನು ಕೇಳಿದರು. ಅವಳ ಗಂಡ ವಾಸುದೇವ ಪಕ್ಕದ ಸ್ಟೂಲಿನ ಮೇಲೆ ಕೂತು ಆಗಲೇ ತೂಕಡಿಸುತ್ತಿದ್ದ.

"ಇಲ್ಲರಿ," ಎಂದಳು ಇಂದೂಬಾಯಿ. "ಗೊರಕಿ ಹೊಡೀತಾರ, ಎಲ್ಲಾರೂ ಹೊಡಿಯೂ ಹಂಗ. ದಿನಾ ಬಾಜೂಕ ಮಲಗಾಕಿ ನಾನು. ನನಗ ತಿಳೀದ ಇರ್ತದೇನ್ರಿ?"

"ಉಸಿರು ನಿಲ್ಲೋರಿಗೆ ನಿದ್ದಿ ಗುಳಿಗಿ ಕೊಡಬಾರದು, ಜೀವಕ್ಕ ಅಪಾಯ. ಅದಕ್ಕ ಕೇಳ್ದೆ." ರಾತ್ರಿ ನಾಲ್ಕು ಸಲ ಎಚ್ಚರವಾಗುತ್ತದೆ, ಬೆಳಿಗ್ಗೆ ತಲೆ ಸಿಡಿಯುತ್ತದೆ, ಕಚೇರಿಯಲ್ಲಿ ಫೈಲಿನ ಮೇಲೆಯೇ ನಿದ್ದೆ ಹತ್ತುತ್ತದೆ ಎಂದು ವಾಸುದೇವ ಹೇಳಿಕೊಂಡಿದ್ದ. ಡಾಕ್ಟರು ಒಂದು ವಾರದ ಗುಳಿಗೆ ಬರೆದುಕೊಟ್ಟರು.

ಇಂದೂಬಾಯಿ ಹೇಳಿದ್ದು ಶುದ್ಧ ಸುಳ್ಳು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಮಲಗಿ ಎಂಟು ವರ್ಷವಾಗಿತ್ತು. ನಸುಕಿನಲ್ಲೇ ಎದ್ದು, ಸ್ನಾನ ಮಾಡಿ, ಮಡಿಯಲ್ಲಿ ನೈವೇದ್ಯದ ಅಡಿಗೆ ಮಾಡಬೇಕು, ಅದಕ್ಕೆ ದೇವರ ಕೋಣೆಯ ಮಗ್ಗುಲಲ್ಲೇ ಮಲಗುತ್ತೇನೆ ಎಂದು ನೆರೆಹೊರೆಗೆ ಹೇಳುತ್ತಿದ್ದಳು. ನಿಜವಾದ ಕಾರಣ ಗೊರಕೆ. ಅದು ಕೇಳಿಸದಷ್ಟು ದೂರ ಅವಳಿಗೆ ಬೇಕಾಗಿತ್ತು, ಅಷ್ಟೇ.

ಸುಳ್ಳು ಹೇಳಿಸಿದ್ದು ಲತೀಫಾಳ ಮೇಲಿನ ಸಿಟ್ಟು. ಲತೀಫಾ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳೂ ವಾಸುದೇವನೂ ಕಮಲಾಪುರದಿಂದ ದಿನಾ ಎಂಟರ ಬಸ್ಸಿಗೆ ಹೋಗುವವರು. ಹೋದ ವಾರ ಬಸ್‌ಸ್ಟ್ಯಾಂಡಿನ ಎದುರು ಇಂದೂಬಾಯಿ ಕೆಂಪು ಬಾಳೆಹಣ್ಣು ಆರಿಸುತ್ತಿದ್ದಾಗ ಅವಳು ಹತ್ತಿರ ಬಂದು ನಿಂತಿದ್ದಳು.

"ವೈನಿ, ಬಸ್ಸಿನಾಗ ಸರ್‌ಗೆ ನಿದ್ದಿ ಹತ್ತಿದಾಗ ಉಸಿರು ನಿಲ್ತದ. ನಾ ಹಿಂದಿನ ಸೀಟಿನಾಗ ಕೂತು ಗಡಿಯಾರ ನೋಡಿ ಎಣಿಸೀನಿ. ಲಗೂನ ಡಾಕ್ಟರಿಗೆ ತೋರಿಸ್ರಿ."

ಇಂದೂಬಾಯಿಯ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು, ದಿನಕ್ಕೆ ಎರಡು ತಾಸು ತನ್ನ ಗಂಡ ಇನ್ನೊಬ್ಬಳ ಕಣ್ಣೆದುರು ಮಲಗಿರುತ್ತಾನೆ. ಅವನ ಕತ್ತು ಯಾವ ಕಡೆ ವಾಲುತ್ತದೆ, ಬಾಯಿ ಎಷ್ಟು ತೆರೆಯುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತು. ಕಟ್ಟಿಕೊಂಡವಳಿಗೇ ಗೊತ್ತಿಲ್ಲ. ವೈನಿ ಎಂದು ಕರೆದು ಆ ಹುಡುಗಿ ವಾಸುದೇವನನ್ನು ಅಣ್ಣನ ಜಾಗದಲ್ಲಿ ಕೂರಿಸಿದ್ದು ಇಂದೂಬಾಯಿಯ ತಲೆಗೆ ಹೋಗಲೇ ಇಲ್ಲ. ಬಾಳೆಹಣ್ಣನ್ನೂ ಕೊಳ್ಳದೆ ಮನೆಗೆ ಬಂದಿದ್ದಳು.

ಡಾಕ್ಟರ ಬಳಿಯಿಂದ ಬಂದ ಆ ಶನಿವಾರ ರಾತ್ರಿ ವಾಸುದೇವ ಗುಳಿಗೆ ಕೇಳಿದ. "ನಾಳಿಂದ ತಗೋರಿ," ಎಂದಳು. ಜೀವಕ್ಕೆ ಅಪಾಯ ಎಂಬ ಮಾತು ಅವಳನ್ನು ಕೊರೆಯುತ್ತಿತ್ತು.

ಭಾನುವಾರ ಊಟವಾದ ಮೇಲೆ ಅವನು ಪಡಸಾಲೆಯಲ್ಲಿ ಚಾಪೆ ಹಾಸಿ ಅಡ್ಡಾದ. ಇಂದೂಬಾಯಿ ಪಕ್ಕದಲ್ಲೇ ಕೂತಳು. ಲತೀಫಾ ಹೇಳಿದ್ದು ಸುಳ್ಳೆಂದು ಕಣ್ಣಾರೆ ನೋಡಿಬಿಡುವ ಹಟ ಅವಳದು.

ಗೊರಕೆ ಏರಿತು, ಏರಿ ಒಮ್ಮೆಲೇ ನಿಂತಿತು. ನೋಡು, ಎಷ್ಟು ಶಾಂತ ನಿದ್ದೆ ಎಂದು ಅವಳಿಗೆ ಮೊದಲು ಖುಷಿಯೇ ಆಯಿತು. ಆಮೇಲೆ ಅವನ ಮೂಗಿನ ಕೆಳಗೆ ಬೆರಳು ಹಿಡಿದಳು. ಹೊಟ್ಟೆ ಏರಿಳಿಯುತ್ತಿತ್ತು, ಗಾಳಿ ಮಾತ್ರ ಇಲ್ಲ. ಅವಳಿಗೆ ಅರಿವಿಲ್ಲದೆಯೇ ಇನ್ನೊಂದು ಕೈಯ ಹೆಬ್ಬೆರಳು ಜಪಕ್ಕೆ ಕೂತಾಗಿನಂತೆ ಬೆರಳ ಗೆಣ್ಣುಗಳ ಮೇಲೆ ಓಡತೊಡಗಿತು. ಕೃಷ್ಣ, ಕೃಷ್ಣ. ಹನ್ನೆರಡು ಗೆಣ್ಣು ಮುಗಿದು ಒಂದು ಸುತ್ತು. ಎರಡು ಸುತ್ತು. ಮೂರು. ಮೇಲೆ ಎರಡು ಗೆಣ್ಣು ದಾಟಿದಾಗ ವಾಸುದೇವ ನೀರಿನಿಂದ ತಲೆ ಎತ್ತಿದವನಂತೆ ಗಕ್ಕನೆ ಉಸಿರೆಳೆದ, ಮತ್ತೆ ಗೊರಕೆಗೆ ಬಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ನಿಂತಿತು.

ಇಂದೂಬಾಯಿ ಅವನನ್ನು ಅಲುಗಾಡಿಸಿ ಎಬ್ಬಿಸಿದಳು. ಗುಳಿಗೆಗಳನ್ನು ಬಚ್ಚಲಿಗೆ ಎಸೆದಳು. ಸಂಜೆ ಲತೀಫಾಳ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲೇ ನಿಂತಳು.

"ನಾಳಿ ಡಾಕ್ಟರ ಕಡೆ ನೀನೂ ಬಾರವ್ವ. ಉಸಿರು ನಿಲ್ಲೂದು ಮೊದಲ ಕಂಡಾಕಿ ನೀನು."

ಹಾಗೆಂದು ಹೊಟ್ಟೆಕಿಚ್ಚು ಆರಿತ್ತು ಎಂದಲ್ಲ. ಮರುದಿನ ಬಸ್ಸಿನಲ್ಲಿ ಲತೀಫಾಳನ್ನು ಕಿಟಕಿಯ ಕಡೆ ಸರಿಸಿ, ಗಂಡನ ಬೆನ್ನ ಹಿಂದಿನ ಜಾಗದಲ್ಲಿ ತಾನೇ ಕೂತಳು.

ಡಾಕ್ಟರ ದವಾಖಾನೆ ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರ. "ಮೊನ್ನೆ ಸುಳ್ಳು ಹೇಳ್ದೆರಿ," ಎಂದು ಇಂದೂಬಾಯಿ ನೆಲ ನೋಡುತ್ತ ಶುರು ಮಾಡಿದಳು. "ನಾ ಬಾಜೂಕ ಮಲಗೂದಿಲ್ಲ. ಉಸಿರು ನಿಲ್ಲೂದು ಖರೆ." ವಾಸುದೇವ ಹೆಂಡತಿಯತ್ತ ತಿರುಗಿ ನೋಡಿದ.

ಡಾಕ್ಟರು ಸಿಟ್ಟಾಗಲಿಲ್ಲ. "ನಿದ್ದಿ ಹತ್ತಿದ ಮ್ಯಾಲ ಇವರ ಗಂಟಲು ಸಡಿಲಾಗಿ ಗಾಳಿ ದಾರಿ ಮುಚ್ಚತದ. ಜೀವ ಗಾಬರ್ಯಾಗಿ ಎಬ್ಬಸ್ತದ. ರಾತ್ರಿಗೆ ನೂರು ಸಲ ಹಿಂಗಾದ್ರ ಹಗಲು ತೂಕಡಿಸದ ಏನ್ ಮಾಡ್ತಾರ? ಹೈದರಾಬಾದಿನಾಗ ಒಂದು ರಾತ್ರಿ ಮಲಗಿಸಿ ಪರೀಕ್ಷಾ ಮಾಡ್ತಾರ. ಮೂಗಿಗೆ ಕಟ್ಟಿ ಗಾಳಿ ಒತ್ತೋ ಮಷೀನು ಬಂದದ. ಅಲ್ಲೀತನಕ ಮಗ್ಗಲಾಗಿ ಮಲಗಿಸ್ರಿ. ಎಷ್ಟು ಹೊತ್ತು ಉಸಿರು ನಿಲ್ತದ, ಅಲ್ಲಿಗೆ ಕೊಡೋ ಚೀಟಿಯೊಳಗ ಬರೀಬೇಕು."

"ಇಪ್ಪತ್ತು ಸೆಕೆಂಡು ರೀ," ಎಂದಳು ಲತೀಫಾ.

"ಅದು ಬಸ್ಸಿನಾಗ," ಇಂದೂಬಾಯಿ ನಡುವೆ ಬಾಯಿ ಹಾಕಿದಳು. "ಕೂತು ಮಲಗಿದಾಗಿನ ಮಾತು. ಮನಿಯಾಗ ಹಂಗಲ್ಲರಿ. ನಾ ಮೂವತ್ತೆಂಟು ಸಲ ಕೃಷ್ಣ ಅಂದೀನಿ."

ಡಾಕ್ಟರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ನಿನ್ನಿ ಅಂದಂಗ ಈಗ ಅನ್ರಿ, ನೋಡೂಣು."

ಇಂದೂಬಾಯಿ ಕಣ್ಣು ಮುಚ್ಚಿದಳು. ಹೆಬ್ಬೆರಳು ಮೊದಲ ಗೆಣ್ಣಿಗೆ ಹೋಯಿತು. ವಾಸುದೇವ ಅವಳ ಕೈಯನ್ನೇ ನೋಡುತ್ತ ತಾನೂ ಉಸಿರು ಬಿಗಿಹಿಡಿದ. ಎರಡನೇ ಸುತ್ತು ಮುಗಿಯುವ ಮೊದಲೇ ತಡೆಯಲಾರದೆ ಬಿಟ್ಟ. ಇಂದೂಬಾಯಿ ಇನ್ನೂ ಎಣಿಸುತ್ತಿದ್ದಳು.