ಆಮೇಲೆ ಬೀಳುವ ಬೆಳಕು

“ಇದೇನು, ಆರ್ಕೆಸ್ಟ್ರಾದಲ್ಲಿ ಕೂರಿಸಿದ ಹಾಗಿದೆ,” ಎಂದಳು ಆರಾಧನಾ, ಅಂಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತ. ಎಡಗಡೆಯ ದೀಪದಿಂದ ಒಂದು ಬದಿ ಕೆಂಪು, ಬಲಗಡೆಯದರಿಂದ ಇನ್ನೊಂದು ಬದಿ ಹಸಿರು.

ನಾಗಭೂಷಣ್ ಕ್ಯಾಮೆರಾದ ಹಿಂದಿದ್ದ ನೀಲಿ ದೀಪವನ್ನೂ ಹೊತ್ತಿಸಿದ.

“ಕಪ್ಪು-ಬಿಳುಪು ಅಲ್ವಾ ನಾನು ಕೇಳಿದ್ದು?”

“ಅದೇ ಆಗತ್ತೆ. ಆಮೇಲೆ.”

ಕ್ಯಾಮೆರಾ ಬಣ್ಣದಲ್ಲೇ ಹಿಡಿಯುತ್ತಿತ್ತು. ಬಣ್ಣ ಹೋಗುತ್ತಿದ್ದದ್ದು ಕಂಪ್ಯೂಟರಿನಲ್ಲಿ. ಆಗ ಕೆಂಪನ್ನು ತಗ್ಗಿಸಿದರೆ ಎಡಗಡೆಯ ದೀಪ ಆರಿದಂತೆ. ಹಸಿರನ್ನು ಏರಿಸಿದರೆ ಬಲಗಡೆಯದು ಹೊತ್ತಿದಂತೆ. ಕೂತಿದ್ದವರು ಮನೆಗೆ ಹೋಗಿ ಊಟ ಮಾಡಿ ಮಲಗಿದ ಮೇಲೂ ಅವರ ಮುಖದ ಮೇಲೆ ಬೆಳಕು ಎಲ್ಲಿಂದ ಬೀಳಬೇಕೆಂದು ಅವನು ನಿರ್ಧರಿಸಬಹುದಿತ್ತು. ಎದುರಿಗೆ ಮನುಷ್ಯರಿರುವಾಗ ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಒಂಬತ್ತು ವರ್ಷ ಪಾಠ ಹೇಳಿದ್ದ ಅವನಿಗೆ ಇದಕ್ಕಿಂತ ಸಮಾಧಾನದ ವಿಷಯ ಆ ಶಾಸ್ತ್ರದಲ್ಲೂ ಸಿಕ್ಕಿರಲಿಲ್ಲ. ಕಾಲೇಜಿಗೆ ಅವನು ರಾಜೀನಾಮೆಯನ್ನೂ ಕೊಟ್ಟಿರಲಿಲ್ಲ. ಹೋಗುವುದನ್ನು ನಿಲ್ಲಿಸಿದ್ದ, ಅಷ್ಟೆ.

ಚಾಮರಾಜಪೇಟೆಯ ಈ ಮಹಡಿಯ ಕೋಣೆಯ ಕೆಳಗೆ ಹಿಟ್ಟಿನ ಗಿರಣಿ. ಅದು ಓಡುವಾಗ ನೆಲ ನಡುಗುತ್ತದೆ, ಫೋಟೋ ಅಲುಗುತ್ತದೆ. ಈಗ ಯಾರದೋ ರಾಗಿ ಬೀಸುತ್ತಿದ್ದರು. ಕಾಯಬೇಕಿತ್ತು.

“ಹುಡುಗನ ತಾಯಿಗೆ ಕಣ್ಣು ಮಂಜಂತೆ,” ಎಂದಳು ಆರಾಧನಾ. “ಎದುರಿಗೆ ಕೂತೋರು ಕಾಣಲ್ಲ. ಫೋಟೋ ಆದ್ರೆ ಹತ್ರ ಹಿಡಿದು ನೋಡ್ತಾರಂತೆ. ಅದೂ ಕಪ್ಪು-ಬಿಳುಪಾದ್ರೆ ಸ್ಪಷ್ಟವಾಗಿ ಕಾಣತ್ತಂತೆ.”

“ಹುಡುಗನಿಗೆ ಎಷ್ಟು?”

“ಐವತ್ಮೂರು. ಮಂಡಿ ಆಪರೇಷನ್ ಆಗಿದೆ. ಒಂದೇ ಮಂಡಿ.”

ಅವನು ನಕ್ಕ. ಅವಳು ನಗಲಿಲ್ಲ.

“ನಾಲ್ಕಕ್ಕೆ ವೈಯಾಲಿಕಾವಲ್‌ಗೆ ಹೋಗ್ತಿದೀವಿ. ಶೀನಣ್ಣ ದಾರೀಲಿ ಪ್ರಿಂಟ್ ಹಾಕಿಸ್ತಾನಂತೆ. ಅವರು ಒಪ್ಪಿದ್ರೆ ಇವತ್ತೇ ಮಾತಾಡಿ ಮುಗಿಸಿಬಿಡೋಣ ಅಂತಿದಾನೆ.”

ಶೀನಣ್ಣ ಅವಳ ದೊಡ್ಡಪ್ಪನ ಮಗ. ಏನನ್ನಾದರೂ ಮುಗಿಸಿಬಿಡುವುದರಲ್ಲಿ ಅವನಿಗೆ ಎಂಥದೋ ಸಂತೋಷ.

ಏಳು ವರ್ಷದ ಹಿಂದೆ ಆರಾಧನಾ ಪಾಸ್‌ಪೋರ್ಟ್ ಫೋಟೋ ಬೇಕೆಂದು ಬಸವನಗುಡಿಯಿಂದ ಬಂದಿದ್ದಳು. ಅದನ್ನು ತೆಗೆಯುವುದಿಲ್ಲ ಎಂದಿದ್ದ. ಮೆಟ್ಟಿಲು ಹತ್ತಿ ಸುಸ್ತಾಗಿದೆ, ಕಾಫಿಯನ್ನಾದರೂ ಕೊಡಿ ಎಂದಿದ್ದಳು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಕಾಫಿ, ಹರಟೆ. ಇದಕ್ಕೊಂದು ಹೆಸರಿಡಬೇಕು ಎಂದು ಇಬ್ಬರಿಗೂ ಅನ್ನಿಸಿತ್ತು: ಅವಳಿಗೆ ನಾಲ್ಕನೆಯ ವರ್ಷದಲ್ಲಿ, ಅವನಿಗೆ ಪ್ರತಿ ವಾರ, ಅವಳು ಮೆಟ್ಟಿಲಿಳಿದು ಹೋದ ಮೇಲೆ. ಫೋಟೋಕ್ಕೆ ಕೂರಿಸುವ ಸ್ಟೂಲಿನ ಮೇಲೆ ಅವಳು ಕೂತದ್ದು ಮಾತ್ರ ಇದೇ ಮೊದಲು.

“ಬೇರೆ ಯಾರ ಹತ್ರಾನಾದ್ರೂ ತೆಗೆಸಬಹುದಿತ್ತು,” ಎಂದ.

“ಹೌದು. ನಮ್ಮ ರಸ್ತೇಲೇ ಎರಡು ಸ್ಟುಡಿಯೋ ಇವೆ.”

ಗಿರಣಿ ನಿಂತಿತು. ಅವನು ಏಳೆಂಟು ಫೋಟೋ ತೆಗೆದ. ಅಗಲವಾಗಿಯೇ ತೆಗೆಯುತ್ತಿದ್ದ, ಎಲ್ಲಿ ಕತ್ತರಿಸಬೇಕೆನ್ನುವುದೂ ಆಮೇಲಿನ ಕೆಲಸ.

“ಗಲ್ಲ ಸ್ವಲ್ಪ ಈ ಕಡೆ.”

ಅವಳು ತಿರುಗಿಸಲಿಲ್ಲ. “ಭೂಷಣ್ ಅವ್ರೇ, ನಾನು ಹೋಗ್ಲಾ, ಬೇಡ್ವಾ?”

“ಇನ್ನೂ ನಾಲ್ಕು ತೆಗೀಬೇಕು.”

“ವೈಯಾಲಿಕಾವಲ್‌ಗೆ.”

ಗೊತ್ತಿತ್ತು. ಕೇಳಿದ ಕ್ಷಣವೇ ಗೊತ್ತಾಗಿತ್ತು. ಕೆಳಗೆ ಗಿರಣಿಯವನು ಹಿಟ್ಟು ಕೊಡವುತ್ತ ಡಬ್ಬಕ್ಕೆ ಎರಡೇಟು ಹಾಕಿದ. ಬೇಡ ಎಂದರೆ ಒಂದು ಬದುಕು. ಹೋಗಿ ಎಂದರೆ ಇನ್ನೊಂದು. ಎರಡನ್ನೂ ಅವನು ವಿವರವಾಗಿ ಕಲ್ಪಿಸಿಕೊಳ್ಳಬಲ್ಲವನಾಗಿದ್ದ. ಬಾಯಿ ತೆರೆದ.

“ನಿಮಗೆ ಹೇಗೆ ಅನ್ಸತ್ತೋ...”

ಮುಗಿಸುವ ಮೊದಲೇ ಗಿರಣಿ ಮತ್ತೆ ಶುರುವಾಯಿತು. ಅವನಿಗೆ ಹಾಯೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು, ಸ್ವಲ್ಪ.

ಅವಳು ಎದ್ದಳು. ಸೆರಗು ಸರಿಪಡಿಸಿಕೊಂಡು, ಸ್ಟೂಲಿನ ಹಿಂದಿನ ಬೂದು ಪರದೆಯ ಪಕ್ಕದ ಬಾಗಿಲ ಚಿಲಕಕ್ಕೆ ಕೈ ಹಾಕಿದಳು.

“ಬೇಡ!” ಎಂದ ನಾಗಭೂಷಣ್. ಇಷ್ಟು ಗಟ್ಟಿಯಾಗಿ ಅವನು ಆ ಕೋಣೆಯಲ್ಲಿ ಎಂದೂ ಮಾತಾಡಿರಲಿಲ್ಲ.

ಅವಳ ಕೈ ನಿಂತಿತು. ತಿರುಗಿದಳು. ಅವಳ ಮುಖದಲ್ಲಿ ಅವನು ಏಳು ವರ್ಷದಲ್ಲಿ ನೋಡಿರದ ಏನೋ ಒಂದಿತ್ತು.

“ಯಾಕೆ ಬೇಡ?”

“ಬಿಸಿಲು ಒಳಗೆ ಬರತ್ತೆ. ಬಿಳಿ ಬೆಳಕಲ್ಲಿ ಮೂರು ಬಣ್ಣಾನೂ ಇರತ್ತೆ, ಬೇರೆ ಬೇರೆ ಮಾಡೋಕಾಗಲ್ಲ. ಆಮೇಲೆ ಏನೂ ಸರಿಮಾಡೋಕೆ ಬರಲ್ಲ.”

ಅವಳು ಪೂರ್ತಿ ಕೇಳಿಸಿಕೊಂಡಳು. ಪಾಠ ಚೆನ್ನಾಗಿ ಅರ್ಥವಾದ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದಳು.

“ಯಾವುದಾದ್ರೂ ಒಂದು ಕಳಿಸಿ,” ಎಂದು ಬಾಗಿಲು ತೆಗೆದಳು. ಅವನ ಕೈಯಲ್ಲಿದ್ದ ಕ್ಯಾಮೆರಾದ ರಿಮೋಟನ್ನು ಬೆರಳು ತಾನಾಗಿ ಒತ್ತಿತು.

ಎರಡು ಗಂಟೆಗೆ ಅವನು ಕಂಪ್ಯೂಟರಿನ ಮುಂದೆ ಕೂತ. ಒಂದೇ ಫೋಟೋದಿಂದ ಮೂರು ಮಾಡಿದ. ಕೆಂಪಿನಲ್ಲಿ ಚರ್ಮ ನುಣುಪಾಯಿತು. ಮೂವತ್ತರವಳಂತೆ ಕಾಣುವ, ಯಾರನ್ನು ಬೇಕಾದರೂ ಮದುವೆಯಾಗಬಲ್ಲ ಹೆಂಗಸು. ಹಸಿರಿನಲ್ಲಿ ಯಾರನ್ನೋ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿರುವವಳು. ನೀಲಿಯಲ್ಲಿ ಕಣ್ಣಡಿಯ ಕಪ್ಪು, ತುಟಿಯ ಪಕ್ಕದ ಗೆರೆ, ಎಲ್ಲವೂ ಎದ್ದು ಬಂದವು. ಆ ಗೆರೆ ಮೊದಲ ಶನಿವಾರ ಇರಲಿಲ್ಲ ಎಂಬುದು ಅವನಿಗೆ ಖಚಿತವಾಗಿ ನೆನಪಿತ್ತು.

ಮೂರೂ ಅವಳೇ. ಮೂರನ್ನೂ ಬೆರೆಸಿ ನಾಲ್ಕನೆಯದು ಮಾಡಿದ; ಆಮೇಲೆ ಐದನೆಯದು. ಮೂರೂವರೆಗೆ ಅವಳ ಮೆಸೇಜು ಬಂತು: “ಕಳಿಸಿದ್ರಾ?” “ಇನ್ನೇನು,” ಎಂದು ಬರೆದ. ಮುದುಕಿಯೊಬ್ಬಳು ಹತ್ತಿರ ಹಿಡಿದು ನೋಡಿ ಒಪ್ಪುವಂಥದ್ದನ್ನು ಕಳಿಸಬೇಕೋ, ಒಪ್ಪದಿರುವಂಥದ್ದನ್ನೋ? ಅವಳ ಪ್ರಶ್ನೆಗೆ ಇದೂ ಒಂದು ಉತ್ತರವಾಗಬಹುದಿತ್ತು. ಇಷ್ಟು ಹೊತ್ತಿಗೆ ಅದು ಅವನಿಗೂ ಹೊಳೆದಿತ್ತು. ನೀಲಿಯ ಮೇಲೆ ಬೆರಳಿಟ್ಟ. ಹಿಂತೆಗೆದ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಮತ್ತೊಂದು ಮೆಸೇಜು: “ಬಿಡಿ, ಪರವಾಗಿಲ್ಲ. ಶೀನಣ್ಣ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ಫೋನಲ್ಲೇ ಒಂದು ತೆಗೆದ. ಚೆನ್ನಾಗೇ ಬಂದಿದೆ.”

ಅವನು ಅದನ್ನು ಎರಡು ಸಲ ಓದಿದ. ಫೋನನ್ನು ಬೋರಲು ಹಾಕಿ, ಕೊನೆಯ ಫೋಟೋವನ್ನು ತೆರೆದ.

ಅರ್ಧ ತೆರೆದ ಬಾಗಿಲು. ಆರಾಧನಾಳ ಒಂದು ಕಾಲು ಹೊಸ್ತಿಲಾಚೆ, ಮುಖ ಹೊರಗಿನ ಬಿಸಿಲಿಗೆ. ಬಣ್ಣ ತೆಗೆದ. ಹಸಿರನ್ನೂ ನೀಲಿಯನ್ನೂ ಇಳಿಸಿ ಕೆಂಪೊಂದನ್ನೇ ಉಳಿಸಿದ. ಬಾಗಿಲಲ್ಲಿ ಅವಳು ಹಾಗೇ ಬೆಳ್ಳಗಿದ್ದಳು. ಹಸಿರನ್ನು ಮಾತ್ರ ಇಟ್ಟ. ಅವಳು ಹಾಗೇ ಇದ್ದಳು. ನೀಲಿಯನ್ನು ಇಟ್ಟ.

ಹೊರಗೆ ಕತ್ತಲಾಗುವವರೆಗೂ ಅವನು ಬೆಳಕನ್ನು ಏರಿಸುತ್ತ, ಇಳಿಸುತ್ತ ಕೂತಿದ್ದ. ಬೇಕಾದ ಕಡೆಯಿಂದ ಬೆಳಕು ಬರುತ್ತಿತ್ತು, ಬೇಡವಾದ ನೆರಳು ಹೇಳಿದ ಹಾಗೆ ಕೇಳಿ ಕರಗುತ್ತಿತ್ತು: ಆ ಫೋಟೋದಲ್ಲಿ, ಕೋಣೆಯ ನಡುವಿನ ಖಾಲಿ ಸ್ಟೂಲಿನ ಮೇಲೆ ಮಾತ್ರ.